ಆನ್‌ಲೈನ್ ವ್ಯಾಸಂಗಕ್ಕೆ ಅಧಿಕಾರಿ ಯಾರು?: ಕಾಲೇಜು ವಿದ್ಯಾರ್ಥಿಗಳ ‘ಸಿದ್ಧತೆ’ಯನ್ನು ಅಳೆಯುವ ಮಾನದಂಡಗಳ ವಿಮರ್ಶೆ

೧

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ನಿರ್ಣಯಿಸಿಕೊಳ್ಳುವುದು ಭಾರತೀಯ ಶಾಸ್ತ್ರಕಾರರ ಪದ್ಧತಿಯಾಗಿರುವುದು. ಇದನ್ನು ಓದಲು ಯೋಗ್ಯನಾದವನು ಯಾರು, ಇದರಲ್ಲಿ ಪ್ರತಿಪಾದಿತವಾಗತಕ್ಕ ವಿಷಯವಾವುದು, ಆ ವಿಷಯಕ್ಕೂ ಅದನ್ನು ಪ್ರತಿಪಾದಿಸುವ ಗ್ರಂಥಕ್ಕೂ ಇರುವ ಸಂಬಂಧವೆಂತಹುದು, ಓದಿದವನಿಗೆ ಲಭಿಸುವ ಫಲವೇನು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬೋಧನೆಗೆ ತೊಡಗಬೇಕೆಂಬುದು ಅವರ ಅಭಿಪ್ರಾಯ. ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರತಕ್ಕವು. ವಿಷಯವನ್ನರಿಯದೆ ಅಧಿಕಾರಿಯನ್ನು ನಿರ್ಣಯಿಸಲಾಗದು. ಪ್ರಯೋಜನವನ್ನು ನೋಡದೆ ಸಂಬಂಧವನ್ನು ಪರೀಕ್ಷಿಸಲಾಗದು.

ಕಾಲೇಜು ವಿದ್ಯಾರ್ಥಿಗಳ ಆನ್‌ಲೈನ್ ವ್ಯಾಸಂಗವನ್ನು ಕುರಿತು ಇತ್ತೀಚಿನ ವರ್ಷಗಳಲ್ಲಿ ಬೆಳೆದಿರುವ ಸಂಶೋಧನೆಯನ್ನು ಈ ಪದ್ಧತಿಯ ಬೆಳಕಿನಲ್ಲಿ ನೋಡುವುದು ಉಪಯುಕ್ತವಾಗಿದೆ. ೨೦೨೦ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಭಾರತದ ಕಾಲೇಜುಗಳೆಲ್ಲ ಮುಚ್ಚಿ, ಪಾಠವು ಕೊಠಡಿಯನ್ನು ಬಿಟ್ಟು ತೆರೆಯ ಮೇಲಕ್ಕೆ ಬಂದ ಬಳಿಕ ಇಂತಹ ಲೇಖನಗಳು ಅಸಂಖ್ಯಾತವಾಗಿ ಪ್ರಕಟವಾಗಿವೆ. ಇವುಗಳ ಕ್ರಮ ಬಹುಮಟ್ಟಿಗೆ ಒಂದೇ. ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿಯನ್ನು ಕೊಡುವುದು. ಪ್ರತಿಯೊಂದು ವಾಕ್ಯಕ್ಕೂ ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬುದರಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರ ವರೆಗೆ ಐದು ಮೆಟ್ಟಿಲುಗಳಲ್ಲಿ ಉತ್ತರ ಪಡೆಯುವುದು. ಸರಾಸರಿ ತೆಗೆದು, ವಿದ್ಯಾರ್ಥಿಗಳ ‘ಸಿದ್ಧತೆ’ ಇಷ್ಟು, ‘ಮನೋಭಾವ’ ಇಂತಹುದು ಎಂದು ತೀರ್ಮಾನಿಸುವುದು. ಈ ತೀರ್ಮಾನಗಳಲ್ಲಿ ಅಧಿಕಾರಿಯ ವಿಚಾರವೊಂದೇ ಇದೆ, ಅದೂ ಅರ್ಧ. ಉಳಿದ ಮೂರು ಅನುಬಂಧಗಳು ಬಿಟ್ಟುಹೋಗಿವೆ. ಈ ನ್ಯೂನತೆಯಿಂದ ಯಾರಿಗೆ ಹಾನಿಯುಂಟಾಗುವುದೆಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಇದು ಕೇವಲ ಪರಿಭಾಷೆಯ ಚರ್ಚೆಯೆಂದು ಭಾವಿಸಲಾಗದು. ‘ಸ್ವಯಂ’ ಎಂಬ ರಾಷ್ಟ್ರೀಯ ಆನ್‌ಲೈನ್ ಶಿಕ್ಷಣ ವ್ಯವಸ್ಥೆಯ ಮೂಲಕ ವಿದ್ಯಾರ್ಥಿಗಳು ಒಂದು ಅವಧಿಯ ಪಾಠಕ್ರಮಗಳಲ್ಲಿ ನೂರಕ್ಕೆ ೨೦ರಷ್ಟನ್ನು ಓದಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೬ರಲ್ಲಿ ವಿಧಿಸಿದ್ದಿತು. ೨೦೨೧ರಲ್ಲಿ ಆ ಮಿತಿಯನ್ನು ನೂರಕ್ಕೆ ೪೦ಕ್ಕೆ ಏರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಮಿಶ್ರಬೋಧನೆಯ ಕರಡು ಟಿಪ್ಪಣಿಯಲ್ಲಿ, ಇತರ ಪಾಠಕ್ರಮಗಳಲ್ಲಿಯೂ ನೂರಕ್ಕೆ ೪೦ರ ವರೆಗೆ ಬೋಧನೆಯನ್ನು ಆನ್‌ಲೈನಿಗೆ ಒಪ್ಪಿಸಬಹುದೆಂಬ ಸೂಚನೆಯಿದ್ದಿತು. ವ್ಯಾಧಿಕಾಲದ ಆಪದ್ಧರ್ಮವು ಹೀಗೆ ನಿತ್ಯಧರ್ಮವಾಗುವ ಸಂದರ್ಭದಲ್ಲಿ, ‘ವಿದ್ಯಾರ್ಥಿಗಳು ಸಿದ್ಧರಿದ್ದಾರೆ’ ಎಂಬ ಒಂದು ವಾಕ್ಯಕ್ಕೆ ಬಹಳ ತೂಕವುಂಟು.

೨

ಸಿದ್ಧತೆಯ ಕಲ್ಪನೆ ಹುಟ್ಟಿದ ಬಗೆಯನ್ನು ಮೊದಲು ಗಮನಿಸಬೇಕು. ೧೯೯೮ರಲ್ಲಿ ಆಸ್ಟ್ರೇಲಿಯಾ ದೇಶದ ವೃತ್ತಿಶಿಕ್ಷಣವನ್ನು ಕುರಿತು ವಾರ್ನರ್, ಕ್ರಿಸ್ಟಿ ಮತ್ತು ಚಾಯ್ ಎಂಬ ವಿದ್ವಾಂಸರು ಇದನ್ನು ಮೂರು ಅಂಗಗಳಾಗಿ ವಿಂಗಡಿಸಿದರು. ಮುಖಾಮುಖಿ ಪಾಠಕ್ಕಿಂತ ಈ ಬಗೆಯ ಪಾಠದಲ್ಲಿ ವಿದ್ಯಾರ್ಥಿಗಿರುವ ಒಲವು ಒಂದು. ವಿದ್ಯುನ್ಮಾನ ಸಂಪರ್ಕಸಾಧನಗಳನ್ನು ಬಳಸುವುದರಲ್ಲಿ ಅವನಿಗಿರುವ ಧೈರ್ಯ ಇನ್ನೊಂದು. ಸ್ವತಂತ್ರವಾಗಿ ಕಲಿಯುವ ಶಕ್ತಿ ಮೂರನೆಯದು. ಅನಂತರ ಮಕ್‌ವೇ ಎಂಬವರು ೧೩ ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ರಚಿಸಿದರು. ೨೦೦೩ರಲ್ಲಿ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಪರೀಕ್ಷಿಸಿ, ಅದರೊಳಗೆ ಎರಡು ಗುಣಗಳು ಅಡಗಿವೆಯೆಂದು ಕಂಡರು: ಈ ವಿಧಾನದಲ್ಲಿ ವಿದ್ಯಾರ್ಥಿಗೆ ಇರುವ ನೆಮ್ಮದಿ, ಮತ್ತು ತನ್ನ ಕಲಿಕೆಯನ್ನು ತಾನೇ ನಿರ್ವಹಿಸಿಕೊಳ್ಳುವ ಸಾಮರ್ಥ್ಯ.

ಈ ಪರಂಪರೆಯಲ್ಲಿ ಹೆಚ್ಚು ಪ್ರಚಾರ ಪಡೆದುದು ೨೦೧೦ರಲ್ಲಿ ತೈವಾನಿನ ಹಂಗ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಮಾನದಂಡ. ಇದರಲ್ಲಿ ೧೮ ವಾಕ್ಯಗಳೂ ಐದು ಅಂಗಗಳೂ ಉಂಟು: ಸ್ವಯಂನಿರ್ದೇಶಿತ ಕಲಿಕೆ, ಕಲಿಯುವ ಹಂಬಲ, ಕಂಪ್ಯೂಟರು ಮತ್ತು ಅಂತರ್ಜಾಲಗಳ ಬಳಕೆಯಲ್ಲಿ ಆತ್ಮವಿಶ್ವಾಸ, ಕಲಿಕೆಯ ಮೇಲೆ ಸ್ವಂತ ಹತೋಟಿ, ಆನ್‌ಲೈನ್ ಸಂಭಾಷಣೆಯಲ್ಲಿ ಆತ್ಮವಿಶ್ವಾಸ. ೧,೦೫೧ ಮಂದಿ ಕಾಲೇಜು ವಿದ್ಯಾರ್ಥಿಗಳಿಂದ ಉತ್ತರ ಪಡೆದು, ಯಂತ್ರದ ಬಳಕೆಯಲ್ಲಿ ಅವರಿಗೆ ಸಾಕಷ್ಟು ವಿಶ್ವಾಸವಿದೆಯೆಂದೂ, ಸ್ವಂತ ಹತೋಟಿ ಮತ್ತು ಸ್ವಯಂನಿರ್ದೇಶನಗಳಲ್ಲಿ ಅವರು ಹಿಂದೆ ಬಿದ್ದಿರುವರೆಂದೂ ಈ ಪಂಡಿತರು ನಿರ್ಣಯಿಸಿದರು.

ಈ ನಿರ್ಣಯದ ಬೆಲೆಯನ್ನು ಅಲ್ಲಗಳೆಯಲಾಗದು. ಫೋನನ್ನು ನಿಪುಣತೆಯಿಂದ ಬಳಸಬಲ್ಲ ಯುವಕನು ಅದರ ಮೂಲಕ ಓದಲೂ ಬಲ್ಲನೆಂಬ ಲೋಕದ ಭ್ರಮೆಯನ್ನು ಅದು ಹೋಗಲಾಡಿಸುವುದು. ಬೆರಳಿನ ಚುರುಕು ಬೇರೆ, ಓದಿನ ನಿಷ್ಠೆ ಬೇರೆ. ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಆ ೧,೦೫೧ ಮಂದಿಯೂ ಆನ್‌ಲೈನ್ ಪಾಠಕ್ರಮಗಳಿಗೆ ಆ ವೇಳೆಗಾಗಲೇ ಸೇರಿ ಓದುತ್ತಿದ್ದವರು. ಯಂತ್ರವೂ ಸಂಪರ್ಕವೂ ಅವರಿಗೆ ಇದ್ದೇ ಇದ್ದವೆಂದು ಭಾವಿಸಿಯೇ ಪ್ರಶ್ನಾವಳಿ ಹೊರಟಿತು. ಆದುದರಿಂದಲೇ ಆ ೧೮ ವಾಕ್ಯಗಳಲ್ಲಿ ಮನೆಯನ್ನಾಗಲಿ, ವಿದ್ಯುತ್ತನ್ನಾಗಲಿ, ಸಂಪರ್ಕದ ವೆಚ್ಚವನ್ನಾಗಲಿ ಕುರಿತ ಒಂದು ಮಾತೂ ಇಲ್ಲ. ಒಳಗೆ ಬಂದವರ ಗುಣಗಳನ್ನು ತಾರತಮ್ಯದಿಂದ ಅರಿಯಲು ಹುಟ್ಟಿದ ಈ ಅಳತೆಗೋಲಿನಿಂದಲೇ, ಬಾಗಿಲ ಹೊರಗೆ ನಿಂತವರನ್ನೂ ಅಳೆಯಹೊರಟುದು ಮುಂದಿನವರ ಪ್ರಮಾದ.

೩

ಅಧಿಕಾರವೆಂಬುದು ಅಂತಃಕರಣದ ಗುಣವೊಂದೇ ಎಂದು ತಿಳಿದರೆ ಭಾರತದಂತಹ ದೇಶದಲ್ಲಿ ಏನಾಗುವುದೆಂಬುದಕ್ಕೆ ಅಂಕಿಗಳೇ ಸಾಕ್ಷಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೫ನೆಯ ಸುತ್ತಿನ ಪ್ರಕಾರ, ೨೦೧೭–೧೮ರಲ್ಲಿ ಗ್ರಾಮಾಂತರದ ಕುಟುಂಬಗಳಲ್ಲಿ ನೂರಕ್ಕೆ ೪.೪ರಷ್ಟು ಮನೆಗಳಲ್ಲಿ ಮಾತ್ರ ಕಂಪ್ಯೂಟರಿದ್ದಿತು; ಪಟ್ಟಣಗಳಲ್ಲಿ ೨೩.೪ರಷ್ಟು ಮನೆಗಳಲ್ಲಿ ಇದ್ದಿತು. ಅಂತರ್ಜಾಲದ ಸೌಕರ್ಯವಿದ್ದ ಮನೆಗಳು ಗ್ರಾಮಾಂತರದಲ್ಲಿ ನೂರಕ್ಕೆ ೧೪.೯, ಪಟ್ಟಣದಲ್ಲಿ ೪೨.೦. ಹದಿನೈದರಿಂದ ಇಪ್ಪತ್ತೊಂಬತ್ತು ವರ್ಷ ವಯಸ್ಸಿನವರಲ್ಲಿ ಕಂಪ್ಯೂಟರನ್ನು ಬಳಸಬಲ್ಲವರು ಹಳ್ಳಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಾದರೆ, ಪಟ್ಟಣಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡೇ ವರ್ಷಗಳ ಬಳಿಕ ಕಾಲೇಜುಗಳು ಮುಚ್ಚಿದುವು. ನಡುವೆ ಸ್ಮಾರ್ಟ್‌ಫೋನುಗಳು ಹೆಚ್ಚಿದುವೆಂಬುದು ನಿಜ. ಆದರೆ ಮನೆಗೊಂದು ಫೋನು, ಅದೂ ತಂದೆಯ ಜೊತೆಯಲ್ಲಿ ಹೊಲಕ್ಕೋ ಅಂಗಡಿಗೋ ಹೋಗತಕ್ಕ ಫೋನು, ಮೂವರು ಮಕ್ಕಳ ಪಾಠಕ್ಕೆ ಹೇಗೆ ಸಾಲುವುದೆಂಬ ಪ್ರಶ್ನೆ ಉಳಿದೇ ಇದ್ದಿತು.

ಕರ್ಣಾಟಕದಲ್ಲಿ ಈ ಸಂಗತಿ ಎಲ್ಲರ ಕಣ್ಣಿಗೂ ಬಿದ್ದಿತು. ೨೦೨೦ ಮತ್ತು ೨೦೨೧ರಲ್ಲಿ ಮಲೆನಾಡಿನ ಹಾಗೂ ಕರಾವಳಿಯ ಬೆಟ್ಟದ ಊರುಗಳ ವಿದ್ಯಾರ್ಥಿಗಳು ಸಂಪರ್ಕ ದೊರೆಯುವ ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ಹೋಗಿ, ಮಳೆಗಾಲದಲ್ಲಿ ಅಲ್ಲಿಯೇ ಸೋಗೆಯ ಅಥವಾ ಪ್ಲಾಸ್ಟಿಕ್ಕಿನ ಚಪ್ಪರ ಹಾಕಿಕೊಂಡು ಕುಳಿತು ಪಾಠ ಕೇಳಿದರು. ಗುಡ್ಡವೇರಿ ಕುಳಿತ ಆ ವಿದ್ಯಾರ್ಥಿನಿಯ ಸಿದ್ಧತೆಯನ್ನು ಈ ಮಾನದಂಡದಲ್ಲಿ ಅಳೆದರೆ ಬರುವ ಫಲವು ವಿಚಿತ್ರವಾದುದು. ಕಲಿಯುವ ಹಂಬಲದಲ್ಲಿ ಆಕೆಗೆ ಪೂರ್ಣಾಂಕ ಸಲ್ಲಬೇಕು. ಆದರೆ ವೇಳೆಗೆ ಸರಿಯಾಗಿ ಅಭ್ಯಾಸವನ್ನು ನಿರ್ವಹಿಸಿಕೊಳ್ಳುತ್ತೀಯಾ ಎಂದು ಕೇಳಿದರೆ ಆಕೆ ಇಲ್ಲವೆಂದೇ ಹೇಳಬೇಕಾಗುವುದು. ಏಕೆಂದರೆ ಮಳೆಯೂ ಸಂಪರ್ಕವೂ ಮನೆಗೆಲಸವೂ ಆಕೆಯ ವೇಳೆಯನ್ನು ಆಳುತ್ತಿವೆ. ಕಲಿಯುವಾಗ ಅಂತರ್ಜಾಲದ ಇತರ ಆಕರ್ಷಣೆಗಳಿಗೆ ಮನಸ್ಸು ಹರಿಯುವುದೇ ಎಂಬುದು ‘ಸ್ವಂತ ಹತೋಟಿ’ಯ ಒಂದು ಪ್ರಶ್ನೆ. ಒಂದೇ ಕೋಣೆಯ ಮನೆಯಲ್ಲಿ ಕುಳಿತವನ ಚಿತ್ತವನ್ನು ಕೆಡಿಸುವುದು ಅಂತರ್ಜಾಲದ ಆಕರ್ಷಣೆಯಲ್ಲ, ಪಕ್ಕದಲ್ಲಿ ಅಳುವ ಮಗು. ಆ ಮಗುವಿಗೆ ಪ್ರಶ್ನಾವಳಿಯಲ್ಲಿ ಸ್ಥಳವಿಲ್ಲ.

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯುಂಟು. ಸಿದ್ಧತೆಯ ಮಾನದಂಡಗಳು ಈ ಗಾದೆಯನ್ನೇ ಸಿದ್ಧಾಂತವಾಗಿ ಹಿಡಿದಿರುವುವು. ಅವು ಕುಣಿಯುವವಳ ಕಾಲನ್ನು ಮಾತ್ರ ಪರೀಕ್ಷಿಸುವುವು. ನೆಲ ನಿಜವಾಗಿಯೂ ಡೊಂಕಾಗಿದೆಯೇ ಎಂದು ನೋಡುವ ಸಾಧನ ಅವುಗಳಲ್ಲಿ ಇಲ್ಲ. ಹೀಗಾಗಿ ಸರ್ಕಾರವೂ ಕಾಲೇಜೂ ಮಾಡಬೇಕಾಗಿದ್ದ ಕಾರ್ಯದ ಕೊರತೆಯು ವಿದ್ಯಾರ್ಥಿಯ ಶೀಲದ ಕೊರತೆಯಾಗಿ ದಾಖಲೆಯಲ್ಲಿ ಸೇರುವುದು. ಇದು ಅಳತೆಯ ದೋಷ ಮಾತ್ರವಲ್ಲ, ನ್ಯಾಯದ ದೋಷವೂ ಹೌದು.

೪

ಸಿದ್ಧತೆಯ ಜೊತೆಗೆ ಸಾಮಾನ್ಯವಾಗಿ ಅಳೆಯಲ್ಪಡುವ ಇನ್ನೊಂದು ವಸ್ತು ಮನೋಭಾವ. ಇದಕ್ಕೆ ನಿದರ್ಶನವಾಗಿ, ಮುತ್ತುಪ್ರಸಾದ್ ಮತ್ತು ಅವರ ಸಹೋದ್ಯೋಗಿಗಳು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದುಕೊಳ್ಳಬಹುದು. ಭಾರತದ ಕೃಷಿಶಿಕ್ಷಣದ ೩೦೭ ಮಂದಿ ವಿದ್ಯಾರ್ಥಿಗಳನ್ನು ಅದರಲ್ಲಿ ವಿಚಾರಿಸಲಾಯಿತು. ಅವರಲ್ಲಿ ನೂರಕ್ಕೆ ೭೦ರಷ್ಟು ಮಂದಿ ವ್ಯಾಧಿಕಾಲದಲ್ಲಿ ಆನ್‌ಲೈನ್ ತರಗತಿಗಳನ್ನು ಒಪ್ಪಲು ಸಿದ್ಧರಿದ್ದರು. ಬಹುಮಂದಿ ಸ್ಮಾರ್ಟ್‌ಫೋನನ್ನೇ ಬಯಸಿದರು; ಪಾಠವನ್ನು ಮುದ್ರಿಸಿಟ್ಟು, ಕೊನೆಯಲ್ಲಿ ಕಿರುಪರೀಕ್ಷೆಯನ್ನಿಡುವ ಕ್ರಮ ಅವರಿಗೆ ಪ್ರಿಯವಾಯಿತು. ಈ ಅಧ್ಯಯನವು ಇಂತಹವುಗಳಲ್ಲಿ ಎಚ್ಚರಿಕೆಯಿಂದ ಬರೆಯಲ್ಪಟ್ಟದ್ದು. ಹಳ್ಳಿಗಾಡಿನ ಸಂಪರ್ಕದ ದೌರ್ಬಲ್ಯವನ್ನೂ, ಪ್ರಯೋಗಪ್ರಧಾನವಾದ ಕೃಷಿಶಿಕ್ಷಣವನ್ನು ಪೂರ್ಣವಾಗಿ ತೆರೆಗೆ ಒಪ್ಪಿಸಲಾಗದೆಂಬುದನ್ನೂ ಲೇಖಕರೇ ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಬೇರೆಡೆಗಳಲ್ಲಿ ಎತ್ತಿ ಹೇಳಲು ಸುಲಭವಾದುದು ಆ ‘೭೦’ ಎಂಬ ಅಂಕಿಯೇ. ಎಚ್ಚರಿಕೆಯ ಮಾತುಗಳು ಹಿಂದೆ ಉಳಿಯುವುವು.

ಇಂತಹ ಅಂಕಿಗಳನ್ನು ಸ್ವೀಕರಿಸುವ ಮುನ್ನ ಎರಡು ಸಂಗತಿಗಳನ್ನು ವಿವೇಚಿಸಬೇಕು. ಮೊದಲನೆಯದಾಗಿ, ಪ್ರಶ್ನಾವಳಿಯು ಅಂತರ್ಜಾಲದ ಮೂಲಕವೇ ಹೋಗಿ ಅದರ ಮೂಲಕವೇ ಹಿಂದಿರುಗಿತು. ಲಾಕ್‌ಡೌನಿನ ಕಾಲದಲ್ಲಿ ಸಂಶೋಧಕರಿಗೆ ಬೇರೆ ದಾರಿ ಇರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಸಂಪರ್ಕವಿಲ್ಲದವನನ್ನು ಸಂಪರ್ಕದ ಮೂಲಕವೇ ಹುಡುಕಿದರೆ ಅವನು ಸಿಕ್ಕುವನೆ? ಹೊಳೆಯನ್ನು ದಾಟಿ ಬಂದವರನ್ನು ಮಾತ್ರ ಎಣಿಸಿ ಹೊಳೆಯಲ್ಲಿ ಆಳವಿಲ್ಲವೆಂದು ಹೇಳಿದಂತೆ, ಇಂತಹ ಲೆಕ್ಕದಲ್ಲಿ ನಿಷೇಧದ ಉತ್ತರ ಕೊಡಬೇಕಾದವರೇ ಮೊದಲು ಬಿಟ್ಟುಹೋಗುವರು. ಉತ್ತರಿಸಿದವರ ಸಂಖ್ಯೆಯನ್ನು ಸಾವಿರಕ್ಕೇರಿಸಿದರೂ ಈ ದೋಷ ಪರಿಹಾರವಾಗದು. ಅದು ಸಂಖ್ಯೆಯ ಅಲ್ಪತ್ವದಿಂದ ಹುಟ್ಟಿದುದಲ್ಲ, ಬಾಗಿಲಿನ ಸ್ಥಾನದಿಂದ ಹುಟ್ಟಿದುದು.

ಎರಡನೆಯದಾಗಿ, ಮನೋಭಾವವೆಂಬುದು ಸಾಪೇಕ್ಷವಾದುದು. ಯಾವುದಕ್ಕೆ ಹೋಲಿಸಿ ಒಪ್ಪಿಗೆ ಎಂಬುದು ತಿಳಿಯದ ಹೊರತು ಒಪ್ಪಿಗೆಗೆ ಅರ್ಥವಿಲ್ಲ. ೨೦೨೦ರಲ್ಲಿ ವಿದ್ಯಾರ್ಥಿಯ ಮುಂದಿದ್ದುದು ಕೊಠಡಿಯ ಪಾಠವೋ ತೆರೆಯ ಪಾಠವೋ ಎಂಬ ಆಯ್ಕೆಯಲ್ಲ. ತೆರೆಯ ಪಾಠವೋ ವರ್ಷದ ನಷ್ಟವೋ ಎಂಬ ಆಯ್ಕೆ. ಕರ್ಣಾಟಕದಲ್ಲಿ ಪದವಿ ಕಾಲೇಜುಗಳು ಮತ್ತೆ ತೆರೆದುದು ಆ ವರ್ಷ ನವೆಂಬರ್ ತಿಂಗಳಲ್ಲಿ. ಅದಕ್ಕೆ ಮುಂಚೆ ಕೇಳಿದ ಪ್ರಶ್ನೆಗೆ ಬಂದ ‘ಆಗಲಿ’ ಎಂಬ ಉತ್ತರವು ಕ್ಷಾಮಕಾಲದಲ್ಲಿ ಗಂಜಿಗೆ ಬಂದ ಒಪ್ಪಿಗೆಯಂತಹುದು. ಅದನ್ನು ಸುಭಿಕ್ಷಕಾಲದ ಊಟದ ಪಟ್ಟಿಗೆ ಪ್ರಮಾಣವಾಗಿ ಹಿಡಿಯುವುದು ಯುಕ್ತವಲ್ಲ.

೫

ಇನ್ನು ವಿಷಯ ಮತ್ತು ಸಂಬಂಧಗಳ ಮಾತು. ‘ಆನ್‌ಲೈನ್ ಕಲಿಕೆಗೆ ಸಿದ್ಧನೇ?’ ಎಂದು ಕೇಳುವ ಪ್ರಶ್ನಾವಳಿಯು ಏನನ್ನು ಕಲಿಯಲು ಎಂಬುದನ್ನು ಹೇಳುವುದಿಲ್ಲ. ಛಂದಸ್ಸಿನ ಪ್ರಸ್ತಾರವನ್ನೂ ಕಲನಶಾಸ್ತ್ರದ ಲೆಕ್ಕವನ್ನೂ ತೆರೆಯ ಮೇಲೆ ಬರೆದು ತೋರಿಸಬಹುದು. ಮುದ್ರಿತವಾದ ಪಾಠವನ್ನು ನಿಲ್ಲಿಸಿ ಮತ್ತೆ ಮತ್ತೆ ನೋಡುವ ಅನುಕೂಲವು ಕೊಠಡಿಯಲ್ಲಿ ಇಲ್ಲದುದು. ಆದರೆ ಮಣ್ಣಿನ ಹದವನ್ನು ಬೆರಳಿನಿಂದ ಅರಿಯುವುದು, ರಸಾಯನ ಪ್ರಯೋಗದಲ್ಲಿ ಬಣ್ಣ ತಿರುಗುವ ಕ್ಷಣವನ್ನು ಕೈಯ ಹಿಡಿತದಿಂದ ನಿಲ್ಲಿಸುವುದು, ರೋಗಿಯ ನಾಡಿಯನ್ನು ನೋಡುವುದು, ಇವುಗಳಲ್ಲಿ ವಿಷಯಕ್ಕೂ ಸಾಧನಕ್ಕೂ ಇರಬೇಕಾದ ಸಂಬಂಧವೇ ಕಡಿದುಹೋಗುವುದು. ಇಲ್ಲಿ ವಿದ್ಯಾರ್ಥಿಯ ಅಸಿದ್ಧತೆಯ ಪ್ರಶ್ನೆಯೇ ಏಳದು, ಸಿದ್ಧವಿಲ್ಲದುದು ಸಾಧನ.

ಕನ್ನಡನಾಡಿನ ಪದವಿ ಕಾಲೇಜುಗಳಿಗೆ ಸಂಬಂಧದ ಇನ್ನೊಂದು ಮುಖವುಂಟು, ಅದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಪದವಿಯ ತರಗತಿಯಲ್ಲಿ ಗ್ರಂಥ ಇಂಗ್ಲಿಷಿನದು. ವಿವರಣೆ ಮಾತ್ರ ಬಹುಮಟ್ಟಿಗೆ ಎರಡು ಭಾಷೆಗಳ ನಡುವೆ ನಡೆಯುವುದು. ಅಧ್ಯಾಪಕನು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದುವನು. ಹಿಂದಿನ ಬೆಂಚಿನ ಮುಖಗಳನ್ನು ನೋಡುವನು. ಅಲ್ಲಿ ಮಬ್ಬು ಕವಿದಿದ್ದರೆ ಕನ್ನಡಕ್ಕೆ ತಿರುಗಿ, ಮನೆಯ ಹತ್ತಿರದ ಒಂದು ದೃಷ್ಟಾಂತವನ್ನು ಕೊಡುವನು. ಈ ತಿರುವು ಯಾವ ಪಠ್ಯಕ್ರಮದಲ್ಲಿಯೂ ಬರೆದಿಲ್ಲ. ಆದರೆ ಅನೇಕರ ವಿದ್ಯೆ ನಿಂತಿರುವುದು ಇದರ ಮೇಲೆಯೇ. ಮೊದಲೇ ಮುದ್ರಿಸಿಟ್ಟ ಪಾಠಕ್ಕೆ ಮುಖಗಳು ಕಾಣವು. ‘ಸ್ವಯಂ’ ವ್ಯವಸ್ಥೆಯ ಪಾಠಕ್ರಮಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ಇವೆ. ಹೀಗಿರಲು ಕಂಪ್ಯೂಟರಿನ ಬಳಕೆಯಲ್ಲಿ ಧೈರ್ಯವಿದೆಯೇ ಎಂದು ಮೂರು ವಾಕ್ಯಗಳಲ್ಲಿ ಕೇಳಿ, ಪಾಠದ ಭಾಷೆ ತಿಳಿಯುವುದೇ ಎಂದು ಒಂದು ವಾಕ್ಯದಲ್ಲಿಯೂ ಕೇಳದ ಮಾನದಂಡವನ್ನು ಇಲ್ಲಿ ಹಾಗೆಯೇ ಬಳಸುವುದು ತಕ್ಕುದಲ್ಲ. ತೈವಾನಿನಲ್ಲಿ ಆ ಪ್ರಶ್ನೆ ಅನಾವಶ್ಯಕವಾಗಿದ್ದಿರಬಹುದು. ಅಳತೆಗೋಲನ್ನು ಎರವು ತರುವವರು ದೇಶಭೇದವನ್ನು ಗಮನಿಸಬೇಕು.

೬

ಕೊನೆಯದಾಗಿ ಪ್ರಯೋಜನ. ವಿದ್ಯಾರ್ಥಿಗೆ ಒಂದು ವಿಧಾನವು ಹಿಡಿಸಿತೆಂಬುದರಿಂದ ಅವನು ಅದರಲ್ಲಿ ಕಲಿತನೆಂದು ಸಿದ್ಧವಾಗುವುದೇ? ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾರಂಭಿಕ ತರಗತಿಗಳಲ್ಲಿ ಡೆಲೋರಿಯರ್ಸ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇಲ್ಲಿ ಸ್ಮರಣೀಯ. ಒಂದು ಗುಂಪಿಗೆ ಸುಲಲಿತವಾದ ಉಪನ್ಯಾಸ. ಇನ್ನೊಂದಕ್ಕೆ ತಾವೇ ಸಮಸ್ಯೆಗಳನ್ನು ಬಿಡಿಸಿ ಕಲಿಯುವ ಪಾಠ. ಎರಡನೆಯ ಗುಂಪಿನವರು ಹೆಚ್ಚು ಕಲಿತರು; ಆದರೆ ತಾವು ಕಡಿಮೆ ಕಲಿತೆವೆಂದೇ ಅವರು ಭಾವಿಸಿದರು. ಈ ಪರೀಕ್ಷೆಯು ಆನ್‌ಲೈನ್ ಶಿಕ್ಷಣವನ್ನು ಕುರಿತುದಲ್ಲ. ಆದರೂ ಕಲಿತೆನೆಂಬ ಭಾವನೆಗೂ ಕಲಿತುದಕ್ಕೂ ಅಂತರವಿರಬಹುದೆಂಬ ತತ್ತ್ವವನ್ನು ಅದು ಚೆನ್ನಾಗಿ ತೋರಿಸುವುದು. ಮನೋಭಾವದ ಅಂಕಿಯನ್ನು ಫಲದ ಅಂಕಿಯ ಸ್ಥಾನದಲ್ಲಿ ಇಡಬಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಫಲವನ್ನೇ ನೋಡಿದ ಅಧ್ಯಯನಗಳೂ ಉಂಟು. ಶು ಮತ್ತು ಜಾಗರ್ಸ್ ಎಂಬ ವಿದುಷಿಯರು ಅಮೆರಿಕಾದ ವಾಷಿಂಗ್ಟನ್ ಸಂಸ್ಥಾನದ ಸಮುದಾಯ ಕಾಲೇಜುಗಳ ೪೦,೦೦೦ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಒಂದು ನಿರ್ಣಯಕ್ಕೆ ಬಂದರು. ಮುಖಾಮುಖಿ ತರಗತಿಗಿಂತ ಆನ್‌ಲೈನ್ ತರಗತಿಯಲ್ಲಿ ಎಲ್ಲ ವರ್ಗದವರ ಸಾಧನೆಯೂ ತಗ್ಗಿದ್ದಿತು; ಆದರೆ ಎಲ್ಲರಿಗೂ ಸಮನಾಗಿ ಅಲ್ಲ. ಹಿಂದಿನ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದಿದ್ದವರಿಗೂ, ಕಿರಿಯ ವಯಸ್ಸಿನವರಿಗೂ, ಗಂಡಸರಿಗೂ, ಕರಿಯ ಜನಾಂಗದ ವಿದ್ಯಾರ್ಥಿಗಳಿಗೂ ಹೆಚ್ಚು ನಷ್ಟವಾಯಿತು. ಎಂದರೆ ಮೊದಲೇ ಇದ್ದ ಅಂತರವು ಇನ್ನಷ್ಟು ಅಗಲವಾಯಿತು. ಸರಾಸರಿಯ ಸಿದ್ಧತೆ, ಸರಾಸರಿಯ ಮನೋಭಾವ ಎಂಬ ಮಾತುಗಳಲ್ಲಿ ಈ ಅಂತರ ಮರೆಯಾಗುವುದು. ಬಲ್ಲವನಿಗೆ ಬಂದ ಲಾಭವೂ ಬಡವನಿಗೆ ಬಂದ ನಷ್ಟವೂ ಕೂಡಿ ಒಂದು ನಿರಪಾಯವಾದ ಮಧ್ಯಮಾಂಕವಾಗಿ ಕಾಣಿಸಿಕೊಳ್ಳುವುದು.

೭

ಇದಕ್ಕೆ ಪೂರ್ವಪಕ್ಷವೊಂದು ಬರಬಹುದು. ದೂರದಿಂದ ಕಲಿಯುವುದು ಹೊಸದಲ್ಲ. ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೂ ಅಂಚೆಯ ಮೂಲಕ ಶಿಕ್ಷಣವನ್ನು ಆರಂಭಿಸಿದವು. ಮೈಸೂರಿನ ಆ ಸಂಸ್ಥೆಯೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನೌಕರಿಯಲ್ಲಿದ್ದವರೂ ಗೃಹಿಣಿಯರೂ ಅಂಗವಿಕಲರೂ ಅದರಿಂದ ಪದವೀಧರರಾದರು. ಹೀಗಿರಲು ಆನ್‌ಲೈನ್ ವ್ಯಾಸಂಗಕ್ಕೆ ಇಷ್ಟೊಂದು ಆಕ್ಷೇಪಣೆಯೇಕೆ ಎಂದು.

ಈ ಮಾತು ಸತ್ಯವಾದುದು. ಆದರೆ ಅದು ಸಮರ್ಥಿಸುವುದು ಬೇರೊಂದು ಪಕ್ಷವನ್ನು. ಅಂಚೆಯ ಶಿಕ್ಷಣದಲ್ಲಿ ಸಿದ್ಧತೆಯ ಬಹುಭಾಗ ಸಂಸ್ಥೆಯದಾಗಿದ್ದಿತು. ಪಾಠವನ್ನು ಅಚ್ಚುಹಾಕಿಸಿ ಮನೆಗೆ ಕಳುಹಿಸುವ ಹೊಣೆ ಅದರದು. ಅಂಚೆಯವನು ಹೋಗದ ಹಳ್ಳಿಯಿರಲಿಲ್ಲ. ಅಚ್ಚಾದ ಹಾಳೆಗೆ ವಿದ್ಯುತ್ತೂ ಬೇಡ, ಗುಡ್ಡವನ್ನು ಹತ್ತುವುದೂ ಬೇಡ. ವರ್ಷದಲ್ಲಿ ಕೆಲವು ದಿನ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸಿ ಸಂಪರ್ಕ ತರಗತಿಗಳನ್ನು ನಡೆಸುವ ಕ್ರಮವೂ ಇದ್ದಿತು. ಮಿಗಿಲಾಗಿ, ಆ ದಾರಿಯನ್ನು ಹಿಡಿದವರು ಅದನ್ನು ತಾವಾಗಿ ಆರಿಸಿಕೊಂಡವರು. ಆನ್‌ಲೈನ್ ವ್ಯಾಸಂಗವೂ ಹೀಗೆಯೇ ಬಯಸಿದವರಿಗೆ ದೊರೆಯುವುದಾದರೆ, ಮತ್ತು ಅದಕ್ಕೆ ಬೇಕಾದ ಸೌಕರ್ಯದ ಹೊಣೆಯನ್ನು ನೀಡುವವರೇ ಹೊರುವುದಾದರೆ, ಅದರಿಂದ ಆಗತಕ್ಕ ಉಪಕಾರ ಸಣ್ಣದಲ್ಲ. ೨೦೨೧ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿದುದು ಈ ಹೊಣೆಯನ್ನು ಭಾಗಶಃ ಒಪ್ಪಿಕೊಂಡುದರ ಗುರುತು. ಆಕ್ಷೇಪಣೆಯಿರುವುದು ವಿಧಾನದ ವಿಷಯದಲ್ಲಿ ಅಲ್ಲ. ಸಿದ್ಧತೆಯ ಭಾರವನ್ನೆಲ್ಲ ವಿದ್ಯಾರ್ಥಿಯ ಹೆಗಲಿಗೆ ಹಾಕಿ, ಅದನ್ನು ಹೊರಲಾರದವನನ್ನು ಅಸಿದ್ಧನೆಂದು ಕರೆಯುವ ಕ್ರಮದಲ್ಲಿ.

೮

ಆದುದರಿಂದ ಮುಂದಿನ ಅಧ್ಯಯನಗಳು ನಾಲ್ಕು ಅನುಬಂಧಗಳನ್ನೂ ಒಟ್ಟಿಗೆ ವಿಚಾರಿಸತಕ್ಕುದು. ಅಧಿಕಾರಿಯ ವಿಚಾರದಲ್ಲಿ, ಮನಸ್ಸನ್ನು ಕೇಳುವ ಮೊದಲು ಮನೆಯನ್ನು ಕೇಳಬೇಕು: ಫೋನು ಯಾರದು, ದಿನಕ್ಕೆ ಎಷ್ಟು ಹೊತ್ತು ಕೈಗೆ ಬರುವುದು, ಸಂಪರ್ಕ ಎಲ್ಲಿ ಸಿಕ್ಕುವುದು, ಕುಳಿತು ಓದಲು ಎಡೆಯುಂಟೆ ಎಂದು. ಪ್ರಶ್ನಾವಳಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಕಾಲೇಜಿನ ದಾಖಲೆಯಲ್ಲಿ ಹೆಸರಿರುವ ಎಲ್ಲರಿಂದಲೂ, ತರಗತಿಗೆ ಬಾರದವರಿಂದಲೂ ಕೂಡ, ಉತ್ತರ ಪಡೆಯಬೇಕು. ವಿಷಯದ ವಿಚಾರದಲ್ಲಿ, ಯಾವ ಪಾಠವೆಂಬುದನ್ನು ಹೆಸರಿಸಿಯೇ ಪ್ರಶ್ನೆ ಕೇಳಬೇಕು. ಸಂಬಂಧದ ವಿಚಾರದಲ್ಲಿ, ಪಾಠದ ಭಾಷೆಯನ್ನೂ ಅಧ್ಯಾಪಕನ ಸಿದ್ಧತೆಯನ್ನೂ ಅಳೆಯಬೇಕು. ಪ್ರಯೋಜನದ ವಿಚಾರದಲ್ಲಿ, ಒಪ್ಪಿಗೆಯ ಜೊತೆಗೆ ಪರೀಕ್ಷೆಯ ಫಲವನ್ನು ಇಟ್ಟು ನೋಡಬೇಕು. ಸರಾಸರಿಯ ಬದಲು ಅತ್ಯಂತ ಕೆಳಗಿರುವವರ ಫಲವನ್ನು ಮೊದಲು ಪ್ರಕಟಿಸಬೇಕು.

ಇಷ್ಟನ್ನು ಮಾಡಿದ ಮೇಲೂ ‘ಈ ವಿದ್ಯಾರ್ಥಿ ಸಿದ್ಧನಲ್ಲ’ ಎಂಬ ಉತ್ತರ ಬರಬಹುದು. ಆದರೆ ಆಗ ಅದರ ಅರ್ಥ ಬೇರೆಯಾಗುವುದು. ಅವನನ್ನು ಸಿದ್ಧಗೊಳಿಸಲು ಏನು ಬೇಕೆಂಬುದೂ ಅದನ್ನು ಯಾರು ಕೊಡಬೇಕೆಂಬುದೂ ಆ ಉತ್ತರದಲ್ಲಿಯೇ ಬರೆದಿರುವುದು. ಬೋಧನೆಗೆ ಮೊದಲು ಅಧಿಕಾರಿಯನ್ನು ನಿರ್ಣಯಿಸಬೇಕೆಂಬ ಪ್ರಾಚೀನ ನಿಯಮವು ಒಂದು ಕಾಲದಲ್ಲಿ ಅನೇಕರನ್ನು ವಿದ್ಯೆಯಿಂದ ಹೊರಗಿಡುವ ಸಾಧನವೂ ಆಗಿದ್ದಿತೆಂಬುದನ್ನು ಮರೆಯಲಾಗದು. ಅದೇ ಅನ್ಯಾಯವು ಅಂಕಿಗಳ ವೇಷ ಧರಿಸಿ ಮತ್ತೆ ಬಾರದಂತೆ ಕಾಯುವುದು ಈ ವಿಷಯದಲ್ಲಿ ಕೆಲಸ ಮಾಡತಕ್ಕ ವಿದ್ವಾಂಸರ ಕರ್ತವ್ಯವಾಗಿದೆ.